ನಾವು ಹೇಳಿದರೆ ಕಥೆ, ಅವರು ಹೇಳಿದರೆ ಡೇಟಾ: ಹೊರದೇಶದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹೆಣ್ಣುಮಕ್ಕಳು ಮಾತಾಡೋಣ

ಸವಳುಮಣ್ಣು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ಕಡೆಯವಳು. ಅಮೆರಿಕದ ನಡುಭಾಗದ ಒಂದು ಯೂನಿವರ್ಸಿಟಿಯಲ್ಲಿ ಮಣ್ಣು ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು.

ನಮ್ಮ ಲ್ಯಾಬ್‌ನಲ್ಲಿ ವಾರಕ್ಕೊಮ್ಮೆ ಚರ್ಚೆ ಇರುತ್ತದೆ. ಮೊನ್ನೆ ಉಪ್ಪು ಸೇರಿ ಹಾಳಾದ ಜಮೀನಿನ ಬಗ್ಗೆ ಮಾತು ನಡೆದಿತ್ತು. ಸ್ಯಾಟಲೈಟ್ ಚಿತ್ರ ನೋಡಿ ಎಲ್ಲೆಲ್ಲಿ ಮಣ್ಣಿನ ಸ್ಯಾಂಪಲ್ ತೆಗೆಯಬೇಕು ಅಂತ ಪ್ಲಾನ್ ಹಾಕುತ್ತಿದ್ದರು. ಗುರುತೆಲ್ಲ ಹೊಲದ ನಡುವೆಯೇ ಇದ್ದವು. ನಾನು ಕೈ ಎತ್ತಿದೆ. ಬದುವಿನ ಅಂಚಿನಲ್ಲೂ ತೆಗೆಯಬೇಕು, ಉಪ್ಪು ಮೊದಲು ಕಾಣುವುದು ಅಲ್ಲೇ ಅಂದೆ. ತುಸು ಎತ್ತರದ ಜಾಗ ಬೇಗ ಆರುತ್ತದೆ, ಕೆಳಗಿನ ತೇವ ಮೇಲಕ್ಕೆ ಏರುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ನಮ್ಮ ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. ಇದನ್ನು ನನಗೆ ತೋರಿಸಿಕೊಟ್ಟವಳು ಅವ್ವ. ಭತ್ತ ಹಚ್ಚಿದ ಮೇಲೆ ಬದುವಿನ ಪಕ್ಕದ ಸಸಿಗಳ ಎಲೆ ತುದಿ ಸುಟ್ಟ ಹಾಗೆ ಕಂಡರೆ ಅವಳು ಅಲ್ಲಿನ ಮಣ್ಣು ಚಿವುಟಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಬೆಳ್ಳಗೆ ಉಪ್ಪು ಏಳುತ್ತಿತ್ತು.

ಗೈಡ್ ನಕ್ಕು, ಕಥೆ ಚೆನ್ನಾಗಿದೆ ಅಂದು ಮುಂದಿನ ವಿಷಯಕ್ಕೆ ಹೋದರು. ಮರುವಾರ ಜೊತೆಯಲ್ಲಿ ಓದುವ ಒಬ್ಬ ಹುಡುಗ ಅದೇ ಮಾತನ್ನು ಒಂದು ಪೇಪರ್ ತೋರಿಸಿ ಹೇಳಿದ. ಬಿಳಿಯ, ಒಳ್ಳೆಯ ಹುಡುಗನೇ, ಬೇಕು ಅಂತ ಮಾಡಿದ್ದಲ್ಲ. ಪ್ಲಾನ್ ಬದಲಾಯಿತು. ನೋಟ್ಸ್‌ನಲ್ಲಿ ಅವನ ಹೆಸರು ಬಂತು.

ನನಗೆ ಇಂಗ್ಲಿಷ್ ಬರುತ್ತದೆ. ಮಾತಾಡಲು ಅಂಥ ಹೆದರಿಕೆಯೂ ಇಲ್ಲ. ಆದರೂ ಅವತ್ತಿನಿಂದ ಬಾಯಿ ತೆರೆಯಲು ಮನಸ್ಸೇ ಬರುತ್ತಿಲ್ಲ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮಿಸಿಸಿಪ್ಪಿಯ ಒಬ್ಬ ಕಪ್ಪು ಹುಡುಗಿ ಇದ್ದಾಳೆ, ಮೆಕ್ಸಿಕೋ ಮೂಲದ ಇನ್ನೊಬ್ಬಳು ಇದ್ದಾಳೆ. ಅವರಿಗೂ ಹೀಗೇ ಆಗಿದೆಯಂತೆ. ನೀವೆಲ್ಲ ಏನು ಮಾಡಿದಿರಿ? ‘ಧೈರ್ಯವಾಗಿ ಮಾತಾಡು’ ಅನ್ನುವುದನ್ನು ಬಿಟ್ಟು ಬೇರೆ ಏನಾದರೂ ಇದ್ದರೆ ದಯವಿಟ್ಟು ಹೇಳಿ.

ಸರಸ್ವತಿಪುರಂ ಅಕ್ಕ

ತಂಗಿ, ಓದಿ ತುಂಬಾ ಸಂಕಟವಾಯಿತು. ನಾನು ಇಲ್ಲಿ ಪೂರ್ವ ಕರಾವಳಿಯ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ನಿನಗೆ ಆಗಿದ್ದು ಧೈರ್ಯದ ಕೊರತೆಯಿಂದ ಅಲ್ಲವೇ ಅಲ್ಲ. ನೀನು ಧೈರ್ಯವಾಗಿಯೇ ಮಾತಾಡಿದ್ದೀಯ. ಆ ಮಾತಿಗೆ ಅಲ್ಲಿ ಜಾಗ ಸಿಗಲಿಲ್ಲ, ಅಷ್ಟೇ.

ಪ್ಯಾಟ್ರೀಷಿಯಾ ಹಿಲ್ ಕಾಲಿನ್ಸ್ ಅಂತ ಒಬ್ಬ ಕಪ್ಪು ಸಮಾಜಶಾಸ್ತ್ರಜ್ಞೆ 1986ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಿಳಿಯರ ಮನೆಯಲ್ಲಿ ಕಸಮುಸುರೆ ಮಾಡುತ್ತಾ, ಅವರ ಮಕ್ಕಳನ್ನು ಸಾಕುತ್ತಾ ಇದ್ದ ಕಪ್ಪು ಹೆಂಗಸರಿಗೆ ಆ ಮನೆಯ ಒಳಗುಟ್ಟೆಲ್ಲ ಗೊತ್ತಿತ್ತು. ಆದರೆ ಅವರು ಆ ಮನೆಯವರಾಗಲಿಲ್ಲ. ಒಳಗಿದ್ದೂ ಹೊರಗಿನವರು. ಹಾಗೆ ನಿಂತವರಿಗೆ, ಮನೆಯವರಿಗೇ ಕಾಣದ ಸಂಗತಿಗಳು ಕಾಣುತ್ತವೆ. ಯೂನಿವರ್ಸಿಟಿಗೆ ಬಂದ ಕಪ್ಪು ಸಂಶೋಧಕಿಯರದೂ ಅದೇ ಸ್ಥಿತಿ. ಅದನ್ನು ಕೊರತೆ ಅಂದುಕೊಳ್ಳಬಾರದು, ಅದೇ ಅವರ ಬಂಡವಾಳ ಅನ್ನುವುದು ಕಾಲಿನ್ಸ್ ಅವರ ವಾದ. ಮುಂದೆ ಅವರೇ ಅಮೆರಿಕದ ಸಮಾಜಶಾಸ್ತ್ರ ಸಂಘಕ್ಕೆ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ ಅವರು.

ನಿನ್ನ ಅವ್ವ ತೋರಿಸಿದ ಬದುವನ್ನು ನೋಡುವ ಕಣ್ಣು ಆ ಕೋಣೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ ಅಲ್ವಾ? ಅದನ್ನು ಬಿಟ್ಟುಕೊಡಬೇಡ.

ಈಗ ಕೆಲಸದ ಮಾತು. ಮೀಟಿಂಗ್‌ಗೆ ಮೊದಲು ನಾಲ್ಕೇ ಸಾಲು ಬರೆದು ಎಲ್ಲರಿಗೂ ಇಮೇಲ್ ಮಾಡು. ದಿನಾಂಕ ಸಮೇತ ದಾಖಲೆ ಉಳಿಯುತ್ತದೆ. ಬೇರೆಯವರು ನಿನ್ನ ಮಾತನ್ನೇ ಎತ್ತಿದರೆ ಸುಮ್ಮನಿರಬೇಡ, ಜಗಳವೂ ಬೇಡ. ‘ಹೋದ ವಾರ ನಾನು ಹೇಳಿದ್ದಕ್ಕೆ ಈ ಪೇಪರ್ ಬೆಂಬಲ ಕೊಡುತ್ತದೆ, ಸೇರಿಸಿಕೊಳ್ಳೋಣ’ ಅನ್ನು, ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಒಬ್ಬಳೇ ಹೋಗಬೇಡ. ಒಬಾಮಾ ಕಾಲದಲ್ಲಿ ಶ್ವೇತಭವನದ ಮಹಿಳಾ ಸಿಬ್ಬಂದಿ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡಿದ್ದರು. ಒಬ್ಬಳು ಒಳ್ಳೆ ಮಾತು ಹೇಳಿದರೆ ಇನ್ನೊಬ್ಬಳು ತಕ್ಷಣ ಅದನ್ನು ಅವಳ ಹೆಸರು ಹಿಡಿದೇ ಮತ್ತೆ ಹೇಳುವುದು. ಮಿಸಿಸಿಪ್ಪಿಯ ಆ ಹುಡುಗಿ ಜೊತೆ ಇವತ್ತೇ ಮಾತಾಡು.

ಹಾಸನದ ಹುಡುಗ

ನಾನು ಜರ್ಮನಿಯಲ್ಲಿ ಫಿಸಿಕ್ಸ್ ಪೋಸ್ಟ್‌ಡಾಕ್. ನನ್ನ ಅನಿಸಿಕೆ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಇದು ಎಲ್ಲರಿಗೂ ಆಗುತ್ತದೆ. ನನ್ನ ಐಡಿಯಾಗಳನ್ನೂ ಬೇರೆಯವರು ಹೇಳಿ ಹೊಗಳಿಸಿಕೊಂಡಿದ್ದಾರೆ. ಹೆಣ್ಣು, ಬಣ್ಣ ಅಂತ ನೋಡಿದರೆ ಎಲ್ಲದರಲ್ಲೂ ಅದೇ ಕಾಣಬಹುದು. ಕೆಲಸ ಗಟ್ಟಿಯಾಗಿದ್ದರೆ ಇವತ್ತಲ್ಲ ನಾಳೆ ಜನ ಕೇಳಲೇಬೇಕು. ಸೈನ್ಸ್‌ನಲ್ಲಿ ಕೊನೆಗೆ ಉಳಿಯುವುದು ಫಲಿತಾಂಶ.

ಸರಸ್ವತಿಪುರಂ ಅಕ್ಕ

ಬೇಜಾರೇನಿಲ್ಲಪ್ಪ. ಫಲಿತಾಂಶ ಅಂದೆಯಲ್ಲ, ಫಲಿತಾಂಶವನ್ನೇ ನೋಡೋಣ.

ನಾರ್ತ್ ಕೆರೊಲಿನಾದಲ್ಲಿ ಒಂದು ಆನ್‌ಲೈನ್ ಕೋರ್ಸ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಪಾಠ ಮಾಡುವವರು ಇಬ್ಬರು, ಒಬ್ಬ ಗಂಡು, ಒಬ್ಬಳು ಹೆಣ್ಣು. ಇಬ್ಬರೂ ಒಂದು ಗುಂಪಿಗೆ ತಮ್ಮ ಹೆಸರಲ್ಲಿ, ಇನ್ನೊಂದು ಗುಂಪಿಗೆ ಅದಲುಬದಲು ಮಾಡಿಕೊಂಡ ಹೆಸರಲ್ಲಿ ಪಾಠ ಮಾಡಿದರು. ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ. ಯಾರ ಹೆಸರು ಗಂಡಸಿನದೋ ಅವರಿಗೇ ವಿದ್ಯಾರ್ಥಿಗಳು ಜಾಸ್ತಿ ಅಂಕ ಕೊಟ್ಟರು. ಅಸೈನ್‌ಮೆಂಟ್‌ಗಳನ್ನು ಒಂದೇ ಹೊತ್ತಿಗೆ ವಾಪಸ್ ಕೊಟ್ಟಿದ್ದರೂ ‘ಬೇಗ ನೋಡಿ ಕೊಡುತ್ತಾರೆ’ ಅನ್ನುವುದಕ್ಕೂ ಆ ಹೆಸರಿಗೇ ಜಾಸ್ತಿ. ಸಣ್ಣ ಪ್ರಯೋಗ ಅದು, ನಲವತ್ತು ಚಿಲ್ಲರೆ ವಿದ್ಯಾರ್ಥಿಗಳು, ಒಪ್ಪುತ್ತೇನೆ. ಆದರೆ ಇಲ್ಲಿ ಕೆಲಸ ಕಾಯಂ ಮಾಡುವಾಗ ಈ ಅಂಕಗಳನ್ನೂ ನೋಡುತ್ತಾರೆ.

ದೊಡ್ಡ ಲೆಕ್ಕ ಬೇಕಾ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಎನ್ಐಎಚ್, ಕೊಡುವ ಸಂಶೋಧನಾ ಹಣದ ಮೇಲೆ 2011ರಲ್ಲಿ ಒಂದು ಅಧ್ಯಯನ ಬಂತು. ಓದು, ತರಬೇತಿ, ಹಿಂದಿನ ಪ್ರಕಟಣೆ ಎಲ್ಲ ಸರಿದೂಗಿಸಿ ನೋಡಿದ ಮೇಲೂ ಕಪ್ಪು ಅರ್ಜಿದಾರರಿಗೆ ಹಣ ಸಿಗುವ ಸಾಧ್ಯತೆ ಬಿಳಿಯರಿಗಿಂತ ಶೇ 10ರಷ್ಟು ಅಂಶ ಕಮ್ಮಿ ಇತ್ತು. 2019ರಲ್ಲಿ ಇನ್ನೊಂದು ಅಧ್ಯಯನ ಇದರ ಕಾರಣ ಹುಡುಕಿತು. ಒಂದು ಪಾಲು ಕಾರಣ ಅವರು ಆರಿಸಿಕೊಂಡ ವಿಷಯಗಳೇ. ಸಮುದಾಯದ ಆರೋಗ್ಯ, ಜನರ ನಡುವೆ ಹೋಗಿ ಮಾಡುವ ಕೆಲಸ, ಇಂಥ ವಿಷಯಗಳಿಗೆ ಹಣ ಸಿಗುವುದೇ ಕಷ್ಟ. ಕಪ್ಪು ಸಂಶೋಧಕರು ಅಂಥ ವಿಷಯಗಳನ್ನೇ ಜಾಸ್ತಿ ಆರಿಸಿಕೊಂಡಿದ್ದರು.

ಅಂದರೆ ದನಿ ಜೋರಾಗಿದೆಯೋ ಮೆಲ್ಲಗಿದೆಯೋ ಅನ್ನುವುದಲ್ಲ. ಯಾವುದನ್ನು ಪ್ರಶ್ನೆ ಅಂತ ಒಪ್ಪುತ್ತಾರೆ, ಯಾವುದನ್ನು ಕಥೆ ಅಂತ ತಳ್ಳುತ್ತಾರೆ ಅನ್ನುವಲ್ಲಿಯೇ ಏರುಪೇರು ಇದೆ. ಸವಳುಮಣ್ಣು ಬರೆದಿದ್ದು ಇದನ್ನೇ. ನಿನಗೂ ಅನ್ಯಾಯವಾಗಿದ್ದರೆ ಅದೂ ಅನ್ಯಾಯವೇ. ಆದರೆ ನಿನಗೆ ಯಾವಾಗಲೋ ಒಮ್ಮೆ ಆಗಿದ್ದು ಇವರಿಗೆ ಮತ್ತೆ ಮತ್ತೆ ಆಗುತ್ತದೆ.

ಮಲ್ಲೇಶ್ವರದ ಓದುಗ

ಇದು ಬಿಳಿಯರ ದೇಶದ ಕಾಯಿಲೆ ಮಾತ್ರ ಅಂದುಕೊಳ್ಳುವುದು ಬೇಡ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಐಐಎಸ್‌ಸಿ, ಇದೆ. 1933ರಲ್ಲಿ ಕಮಲಾ ಭಾಗವತ್, ಮದುವೆಯಾದ ಮೇಲೆ ಕಮಲಾ ಸೊಹೊನಿ, ಬಾಂಬೆ ಯೂನಿವರ್ಸಿಟಿಯಲ್ಲಿ ಒಳ್ಳೆ ದರ್ಜೆಯಲ್ಲಿ ಪಾಸಾಗಿ ಇಲ್ಲಿಗೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಹೆಣ್ಣು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಜಗ್ಗಲಿಲ್ಲ. ಕೊನೆಗೆ ಷರತ್ತು ಹಾಕಿ ತೆಗೆದುಕೊಂಡರು. ಮೊದಲ ವರ್ಷ ಬರೀ ಪ್ರೊಬೇಷನ್ ಮೇಲೆ. ಗಂಡು ಸಂಶೋಧಕರ ಗಮನ ಕೆಡಿಸಬಾರದು ಅನ್ನುವುದೂ ಒಂದು ಷರತ್ತು. ಆಕೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ಆ ಕೆಲಸ ನೋಡಿದ ಮೇಲೆ ಹೆಣ್ಣುಮಕ್ಕಳಿಗೆ ಅಲ್ಲಿ ಬಾಗಿಲು ತೆರೆಯಿತು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮುಗಿಸಿದರು. ಆ ಷರತ್ತುಗಳು ತನಗೆ ಎಷ್ಟು ಅವಮಾನ ಮಾಡಿದ್ದವು ಅನ್ನುವುದನ್ನು ಆಕೆ ಇಳಿವಯಸ್ಸಿನಲ್ಲಿ ಬಹಿರಂಗವಾಗಿಯೇ ಹೇಳಿದರು.

ಅನ್ನಾ ಮಣಿ ಅವರದು ಇನ್ನೂ ನೋವಿನ ಸಂಗತಿ. 1940ರ ದಶಕದಲ್ಲಿ ಬೆಂಗಳೂರಿನಲ್ಲೇ ರಾಮನ್ ಅವರ ಲ್ಯಾಬ್‌ನಲ್ಲಿ ವಜ್ರ ಮತ್ತು ಮಾಣಿಕ್ಯ ಬೆಳಕನ್ನು ಹೇಗೆ ಹೊರಸೂಸುತ್ತವೆ ಅಂತ ಅಧ್ಯಯನ ಮಾಡಿದರು. ಪೇಪರ್‌ಗಳು ಬಂದವು, ಪ್ರಬಂಧವೂ ಮುಗಿಯಿತು. ಎಂಎಸ್‌ಸಿ ಇಲ್ಲ ಅನ್ನುವ ಕಾರಣ ಕೊಟ್ಟು ಮದ್ರಾಸ್ ಯೂನಿವರ್ಸಿಟಿ ಪಿಎಚ್‌ಡಿ ಕೊಡಲಿಲ್ಲ. ಆ ಪ್ರಬಂಧ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಲೈಬ್ರರಿಯಲ್ಲಿ ಉಳಿದುಕೊಂಡಿತು. ಆ ಪದವಿ ಇಲ್ಲದೆಯೇ ಅವರು ಭಾರತದ ಹವಾಮಾನ ಉಪಕರಣಗಳ ಇಡೀ ವ್ಯವಸ್ಥೆಯನ್ನು ಕಟ್ಟಿದರು.

ರಾಜೇಶ್ವರಿ ಚಟರ್ಜಿ ಅವರನ್ನೂ ನೆನೆಯಬೇಕು. ಕನ್ನಡ ನಾಡಿನ ಹೆಣ್ಣುಮಗಳು. ಮಿಚಿಗನ್‌ನಲ್ಲಿ ಪಿಎಚ್‌ಡಿ ಮಾಡಿ 1953ರಲ್ಲಿ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಎಷ್ಟು ಜನ ಕನ್ನಡಿಗರಿಗೆ ಅವರ ಹೆಸರು ಗೊತ್ತು?

ಕಲಬುರಗಿ ನೀಲಿ

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಈಗ ಒಂದು ಮಾತು ಹೇಳಲೇಬೇಕು.

ನಾನು ಕ್ಯಾಲಿಫೋರ್ನಿಯಾದಲ್ಲಿ ಶಿಕ್ಷಣ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ದಲಿತ ಹೆಣ್ಣುಮಗಳು. ಇಲ್ಲಿ ಫಾರಂ ತುಂಬುವಾಗ ನಾನೂ, ನನ್ನ ಡಿಪಾರ್ಟ್‌ಮೆಂಟಿನ ಬೇರೆ ಭಾರತೀಯ ಹುಡುಗಿಯರೂ ಒಂದೇ ಕಾಲಂನಲ್ಲಿ ಬರುತ್ತೇವೆ. ಬಿಳಿಯರಲ್ಲದ ಹೆಣ್ಣುಮಕ್ಕಳು. ಆದರೆ ಮೊದಲ ವಾರಾಂತ್ಯದ ಊಟಕ್ಕೆ ಕರೆದಾಗ ಕೇಳಿದ ಪ್ರಶ್ನೆಗಳು ನನಗೆ ಇನ್ನೂ ನೆನಪಿವೆ. ಊರು ಯಾವುದು? ಊರಲ್ಲಿ ಮನೆ ಎಲ್ಲಿ ಬರುತ್ತದೆ? ಮನೆದೇವರು ಯಾವುದು? ಮನೆಯಲ್ಲಿ ನಾನ್‌ವೆಜ್ ಮಾಡುತ್ತೀರಾ? ಒಂದೊಂದೂ ಸಹಜವಾಗಿಯೇ ಕೇಳುವ ಪ್ರಶ್ನೆ. ಎಲ್ಲ ಸೇರಿದರೆ ಏನು ಹುಡುಕುತ್ತಿದ್ದಾರೆ ಅಂತ ನಮ್ಮಂಥವರಿಗೆ ಗೊತ್ತಾಗುತ್ತದೆ. ಆಮೇಲೆ ಕರೆಯುವುದು ನಿಂತಿತು. ಸ್ಕಾಲರ್‌ಶಿಪ್‌ನಲ್ಲಿ ಬಂದಿದ್ದೇನೆ ಅಂದಾಗ ಒಬ್ಬ ಸೀನಿಯರ್ ‘ಓ, ಕೋಟಾನಾ’ ಅಂದರು.

ಹಾಗಾಗಿ ನನಗೆ ಎರಡು ಕಡೆ ಬಾಯಿ ಕಟ್ಟುತ್ತದೆ. ಬಿಳಿಯರ ಮುಂದೆ ಒಂದು ಥರ, ನಮ್ಮವರ ಮುಂದೆ ಇನ್ನೊಂದು ಥರ. ನನ್ನ ಸಂಶೋಧನೆ ಹಾಸ್ಟೆಲ್ ಹುಡುಗಿಯರ ಬಗ್ಗೆ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು. ನಾನೂ ಅಲ್ಲಿ ಇದ್ದು ಓದಿದವಳೇ. ಅದನ್ನು ಪ್ರೆಸೆಂಟ್ ಮಾಡಿದಾಗ ‘ನೀವೇ ಅಲ್ಲಿಂದ ಬಂದವರು, ನಿಷ್ಪಕ್ಷವಾಗಿ ನೋಡಲು ಆಗುತ್ತದಾ?’ ಅಂತ ಕೇಳಿದವರು ಒಬ್ಬ ಭಾರತೀಯ ಪ್ರೊಫೆಸರ್. ಖಾಸಗಿ ಶಾಲೆಯಲ್ಲಿ ಓದಿ ಖಾಸಗಿ ಶಾಲೆಗಳ ಬಗ್ಗೆ ಬರೆಯುವವರಿಗೆ ಆ ಪ್ರಶ್ನೆ ಯಾರೂ ಹಾಕುವುದಿಲ್ಲ.

ನನಗೆ ದನಿ ಬಂದಿದ್ದು ಕಪ್ಪು ಮತ್ತು ಲ್ಯಾಟಿನ್ ಅಮೆರಿಕ ಮೂಲದ ಗೆಳತಿಯರ ಬರವಣಿಗೆ ಗುಂಪಿನಲ್ಲಿ. ಪ್ರತಿ ವಾರ ಕೂತು ಒಬ್ಬರದನ್ನು ಇನ್ನೊಬ್ಬರು ಓದುತ್ತೇವೆ. ಅಲ್ಲಿ ಯಾರೂ ‘ನೀನು ಅಲ್ಲಿಂದ ಬಂದವಳಲ್ವಾ’ ಅಂತ ಅನುಮಾನ ಪಡಲಿಲ್ಲ. ‘ನೀನು ಅಲ್ಲಿಂದ ಬಂದವಳಲ್ವಾ, ಹಾಗಾದರೆ ಇನ್ನೂ ಬಿಡಿಸಿ ಬರೆ’ ಅಂದರು. ರಾತ್ರಿ ಎಂಟಕ್ಕೆ ಹಾಸ್ಟೆಲ್ ಗೇಟಿಗೆ ಬೀಗ ಹಾಕುವ ಬಗ್ಗೆ ನಾನು ಅರ್ಧ ಸಾಲು ಬರೆದಿದ್ದೆ. ಅಲಬಾಮಾದ ಒಬ್ಬಳು ಅದರ ಮೇಲೆ ಗೆರೆ ಎಳೆದು, ಬೀಗದ ಕೈ ಯಾರ ಹತ್ತಿರ ಇರುತ್ತಿತ್ತು, ಹುಷಾರು ತಪ್ಪಿದರೆ ಯಾರನ್ನು ಕೂಗುತ್ತಿದ್ದಿರಿ ಅಂತ ಕೇಳಿದಳು. ಈಗ ಅದೇ ಒಂದು ಅಧ್ಯಾಯವಾಗಿದೆ.

ಈ ನಂಟು ಹೊಸದೇನಲ್ಲ. ಬಾಬಾಸಾಹೇಬರು ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಓದಲು ಬಂದಿದ್ದು 1913ರಲ್ಲಿ. 1946ರಲ್ಲಿ ಅವರು ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು, ಅವರಿಂದ ಉತ್ತರವೂ ಬಂತು.

ಶರಾವತಿ ದಂಡೆ

ನೀಲಿ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಈ ಚರ್ಚೆ ಹೊರದೇಶದಲ್ಲಿ ನಮಗೆ ಆಗುವ ತಾರತಮ್ಯದ ಬಗ್ಗೆ. ಇಲ್ಲಿ ಜಾತಿ ತಂದರೆ ನಾವೇ ಒಡೆದು ಹೋಗುವುದಿಲ್ಲವಾ? ಮೊದಲೇ ನಮ್ಮ ಸಂಖ್ಯೆ ಕಮ್ಮಿ.

ಕಲಬುರಗಿ ನೀಲಿ

ಜಾತಿಯನ್ನು ನಾನು ತರಲಿಲ್ಲ. ಆ ಊಟದ ಮನೆಗೆ ನಾನು ಹೋಗುವ ಮೊದಲೇ ಅದು ಅಲ್ಲಿತ್ತು. ಇದು ನಾನೊಬ್ಬಳೇ ಹೇಳುವುದೂ ಅಲ್ಲ. ಬ್ರಾಂಡೈಸ್ ಯೂನಿವರ್ಸಿಟಿ 2019ರಲ್ಲೇ ತಾರತಮ್ಯ ವಿರೋಧಿ ನಿಯಮದಲ್ಲಿ ಜಾತಿಯನ್ನು ಸೇರಿಸಿತು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 23 ಕ್ಯಾಂಪಸ್‌ಗಳಿಗೆ ಅನ್ವಯಿಸುವ ಹಾಗೆ ಸೇರಿಸಿದ್ದು 2022ರ ಜನವರಿಯಲ್ಲಿ ಸುದ್ದಿಯಾಯಿತು. ಅದರ ಹಿಂದೆ ವಿದ್ಯಾರ್ಥಿಗಳ ಹೋರಾಟ ಇತ್ತು. 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ವಿಧಾನಸಭೆ ಒಪ್ಪಿದ್ದ ಇಂಥದೇ ಮಸೂದೆಯನ್ನು ಗವರ್ನರ್ ವಾಪಸ್ ಕಳಿಸಿದರು. ಅದನ್ನು ವಿರೋಧಿಸಿದವರಲ್ಲಿ ನಮ್ಮ ಭಾರತೀಯರೇ ಬಹಳ ಜನ ಇದ್ದರು.

ಒಂದಾಗೋಣ, ಖಂಡಿತ. ನಾನು ಬಾಯಿ ಮುಚ್ಚಿಕೊಂಡರೆ ಮಾತ್ರ ಆಗುವ ಒಗ್ಗಟ್ಟು ನನಗೆ ಬೇಡ.

ಸವಳುಮಣ್ಣು

ನೀಲಿ ಅಕ್ಕ, ನಿಮ್ಮ ಮಾತನ್ನು ಎರಡು ಸಲ ಓದಿದೆ. ದಯವಿಟ್ಟು ಇಲ್ಲೇ ಇರಿ. ಈ ಚರ್ಚೆ ಶುರು ಮಾಡಿದವಳು ನಾನು, ನಿಮ್ಮ ಮಾತು ಈ ವಿಷಯದ ಒಳಗಿನದೇ ಅಂತ ನಾನು ಹೇಳುತ್ತೇನೆ. ನಮ್ಮ ಕಾಲುವೆಯಲ್ಲೂ ಮೇಲಿನವರು ಎಲ್ಲ ನೀರು ತಿರುಗಿಸಿಕೊಂಡು ಭತ್ತ ಬೆಳೆಯುತ್ತಾರೆ, ಕೊನೆ ಭಾಗಕ್ಕೆ ಬರುವ ಹೊತ್ತಿಗೆ ಎಷ್ಟೋ ಸಲ ನೀರೇ ಇರುವುದಿಲ್ಲ. ತುಂಗಭದ್ರಾ ಯೋಜನೆ ಮಾಡುವಾಗ ಕಮ್ಮಿ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿದ್ದಕ್ಕೆ ಮೇಲಿನ ಹೊಲಗಳಲ್ಲಿ ನೀರು ನಿಂತು ಜವಳು, ಕೆಳಗೆ ಬರ. ಹೀಗಿರುವಾಗ ‘ನಾವೆಲ್ಲ ಒಂದೇ ಕಾಲುವೆಯವರು’ ಅಂದರೆ ಕೊನೆಯವನ ಹೊಟ್ಟೆ ತುಂಬುವುದಿಲ್ಲ.

ಮಿಸಿಸಿಪ್ಪಿ ಗೆಳತಿ ಜೊತೆ ಮಾತಾಡಿದೆ. ಅವಳ ಅಜ್ಜ ಹತ್ತಿ ಹೊಲದಲ್ಲಿ ಕೆಲಸ ಮಾಡಿದವರು, ಮಣ್ಣು ಮುಟ್ಟಿ ಹದ ಹೇಳುತ್ತಿದ್ದರಂತೆ. ಅವಳೂ ಅದನ್ನು ಇಲ್ಲಿ ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಮುಂದಿನ ಮೀಟಿಂಗ್‌ನಿಂದ ನಾವಿಬ್ಬರೂ ಪಕ್ಕದಲ್ಲೇ ಕೂರುತ್ತೇವೆ.

ದಾವಣಗೆರೆ ಟೀಚರ್

ನಾನು ರಿಟೈರ್ಡ್ ಹೈಸ್ಕೂಲ್ ಟೀಚರ್. ಮಗಳು ಈ ಆಗಸ್ಟ್‌ನಲ್ಲಿ ಇಲಿನಾಯ್‌ಗೆ ಹೋಗುತ್ತಿದ್ದಾಳೆ, ಬಯೋಕೆಮಿಸ್ಟ್ರಿ ಪಿಎಚ್‌ಡಿಗೆ. ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅವರಪ್ಪ ‘ಯಾರ ಗೊಡವೆಗೂ ಹೋಗಬೇಡ, ನಿನ್ನ ಪಾಡಿಗೆ ಓದಿಕೊಂಡು ಬಾ’ ಅನ್ನುತ್ತಾರೆ. ಬಾಯಿ ಬಿಟ್ಟರೆ ವೀಸಾಗೆ ತೊಂದರೆ ಆಗುತ್ತದೆ ಅಂತ ಟಿವಿಯಲ್ಲಿ ನೋಡಿ ಅವರಿಗೆ ಭಯ. ನಾನು ಅವಳಿಗೆ ಏನು ಹೇಳಿ ಕಳಿಸಲಿ?

ಸರಸ್ವತಿಪುರಂ ಅಕ್ಕ

ಟೀಚರ್ ಅಮ್ಮ, ಯಜಮಾನರ ಭಯ ಸುಳ್ಳಲ್ಲ. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಯನ್ನು ಸರ್ಕಾರ ಏಕಾಏಕಿ ರದ್ದು ಮಾಡಿತು. ಎಷ್ಟೋ ಜನ ಕೋರ್ಟಿಗೆ ಹೋದ ಮೇಲೆ ವಾಪಸ್ ಸೇರಿಸಿದರು. ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಕಾಲೇಜು ಬಿಟ್ಟರೆ ದೇಶದಲ್ಲಿ ನಿಲ್ಲಲು ಆಗುವುದಿಲ್ಲ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ, ಗೈಡ್ ಮುನಿಸಿಕೊಂಡರೆ ಸಂಬಳಕ್ಕೇ ಕುತ್ತು ಬರಬಹುದು. ಹಾಗಾಗಿ ಈ ಹುಡುಗಿಯರು ಸುಮ್ಮನಿರುವುದನ್ನು ಪುಕ್ಕಲುತನ ಅಂತ ಯಾರಾದರೂ ಕರೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಕಡೆ, ಇಂಥ ಮಕ್ಕಳು ಸೇರಿ ಮಾತಾಡುತ್ತಿದ್ದ ಜಾಗಗಳೂ ಮುಚ್ಚುತ್ತಿವೆ. ಟೆಕ್ಸಸ್‌ನಲ್ಲಿ 2024ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಿಂದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ವೈವಿಧ್ಯ, ಸಮಾನತೆಗೆ ಅಂತ ಇದ್ದ ಆಫೀಸುಗಳಿಗೆ ಬೀಗ ಬಿತ್ತು.

ಆದರೆ ಲ್ಯಾಬ್ ಮೀಟಿಂಗ್‌ನಲ್ಲಿ ‘ಈ ಪ್ರಯೋಗದಲ್ಲಿ ಕಂಟ್ರೋಲ್ ಸರಿಯಿಲ್ಲ’ ಅಂತ ಹೇಳಿದರೆ ಯಾವ ವೀಸಾನೂ ಹೋಗುವುದಿಲ್ಲ. ಅದನ್ನು ಅವಳು ಮೊದಲ ತಿಂಗಳಿಂದಲೇ ಹೇಳಬೇಕು. ಮೊದಲ ಸೆಮಿಸ್ಟರ್ ಪೂರ್ತಿ ಸುಮ್ಮನೆ ಕೂತವರನ್ನು ಜನ ಸುಮ್ಮನಿರುವವಳು ಅಂತಲೇ ಲೆಕ್ಕ ಹಾಕುತ್ತಾರೆ, ಆಮೇಲೆ ಅದನ್ನು ಬದಲಿಸುವುದು ಕಷ್ಟ. ಗೈಡ್ ಆರಿಸುವ ಮೊದಲು ಆ ಲ್ಯಾಬ್‌ನಿಂದ ಓದಿ ಹೊರಗೆ ಹೋದ ಹೆಣ್ಣುಮಕ್ಕಳಿಗೆ ಫೋನ್ ಮಾಡಲಿ. ಈಗ ಅಲ್ಲಿರುವವರು ನಿಜ ಹೇಳಲು ಹೆದರುತ್ತಾರೆ, ಹೋದವರು ಹೇಳುತ್ತಾರೆ. ಪೇಪರ್ ಬರೆಯಲು ಶುರು ಮಾಡುವಾಗಲೇ ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ ಅಂತ ಕೇಳಿ, ಇಮೇಲ್‌ನಲ್ಲಿ ಹಾಕಿಸಿಕೊಳ್ಳಲಿ. ತೊಂದರೆಯಾದರೆ ಗುಟ್ಟು ಕಾಪಾಡಿ ಸಲಹೆ ಕೊಡುವ ಒಂಬಡ್ಸ್ ಆಫೀಸ್ ಬಹಳಷ್ಟು ಯೂನಿವರ್ಸಿಟಿಗಳಲ್ಲಿ ಇರುತ್ತದೆ, ಎಲ್ಲಿದೆ ಅಂತ ಮೊದಲೇ ತಿಳಿದುಕೊಂಡಿರಲಿ.

ಕಲಬುರಗಿ ನೀಲಿ

ಟೀಚರ್, ಒಂದು ಸೇರಿಸುತ್ತೇನೆ. ಅವಳ ಹೆಸರನ್ನು ಯಾರಾದರೂ ಮೊಟಕು ಮಾಡಿ ಕರೆಯಲು ಹೊರಟರೆ ಅವಳು ಮೊದಲ ದಿನವೇ ಪೂರ್ತಿ ಹೆಸರು ಹೇಳಿಕೊಡಲಿ. ಚಿಕ್ಕ ವಿಷಯ ಅನಿಸುತ್ತದೆ. ಆದರೆ ಹೆಸರು ಕರೆಯಲು ಬಾರದವರು ಮೀಟಿಂಗ್‌ನಲ್ಲಿ ಅವಳನ್ನು ಕರೆಯುವುದನ್ನೇ ಬಿಟ್ಟುಬಿಡುತ್ತಾರೆ. ನನಗೆ ಹಾಗೇ ಆಗಿತ್ತು.

ಲೀಡ್ಸ್ ಮಳೆ

ಬ್ರಿಟನ್‌ನಿಂದ. ಇಲ್ಲಿ ನಿಕೋಲಾ ರೋಲಾಕ್ ಅನ್ನುವ ಸಂಶೋಧಕಿ 2019ರಲ್ಲಿ ಒಂದು ವರದಿ ಮಾಡಿದರು. ಆಗ ಇಡೀ ಬ್ರಿಟನ್‌ನಲ್ಲಿ ಪ್ರೊಫೆಸರ್ ಹುದ್ದೆಯಲ್ಲಿದ್ದ ಕಪ್ಪು ಮಹಿಳೆಯರು ಬರೀ 25 ಜನ. ಅವರಲ್ಲಿ 20 ಜನರನ್ನು ಮಾತಾಡಿಸಿದರು. ಒಂದು ಬಸ್ಸಿನಲ್ಲಿ ಕೂರಿಸಿದರೂ ಸೀಟು ಮಿಗುತ್ತವೆ.

ಸವಳುಮಣ್ಣು, ನಿನ್ನ ಅವ್ವನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಒಂದು ದಾರಿ ಇದೆ. ಕೆನಡಾದಲ್ಲಿ ಲೊರಿಸಿಯಾ ಮ್ಯಾಕ್ಲಿಯಡ್ ಅಂತ ಕ್ರೀ ಸಮುದಾಯದ ಮೂಲನಿವಾಸಿ ಲೈಬ್ರೇರಿಯನ್ ಇದ್ದಾರೆ. ಪೇಪರ್‌ಗಳಲ್ಲಿ ಹಿರಿಯರು ಬಾಯಿಮಾತಲ್ಲಿ ಹೇಳಿದ್ದನ್ನು ‘ಖಾಸಗಿ ಮಾತುಕತೆ’ ಅಂತ ವಾಕ್ಯದ ನಡುವೆ ತುರುಕಿ ಬಿಟ್ಟುಬಿಡುತ್ತಾರೆ, ಕೊನೆಯ ಆಕರಗಳ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ. ಬೇರೆ ಯಾರದೋ ಇಮೇಲ್‌ಗೂ ನಮ್ಮ ಹಿರಿಯರ ಜ್ಞಾನಕ್ಕೂ ಒಂದೇ ದರ್ಜೆಯಾ ಅನ್ನುವುದು ಅವರ ಪ್ರಶ್ನೆ. 2021ರಲ್ಲಿ ಅವರು ಒಂದು ನಮೂನೆ ಪ್ರಕಟಿಸಿದರು. ಹಿರಿಯರ ಹೆಸರು, ಸಮುದಾಯ, ಊರು, ಏನು ಕಲಿಸಿದರು, ಯಾವತ್ತು, ಎಲ್ಲ ಪುಸ್ತಕಗಳ ಜೊತೆಯಲ್ಲೇ ಪಟ್ಟಿಯಲ್ಲಿ ಬರುತ್ತದೆ. ತುಂಬಾ ಕಾಲೇಜುಗಳು ಅದನ್ನು ಬಳಸುತ್ತಿವೆ. ಅದು ಅಲ್ಲಿನ ಮೂಲನಿವಾಸಿಗಳಿಗೆ ಅಂತ ಮಾಡಿದ್ದು, ಹಾಗೇ ಎತ್ತಿಕೊಳ್ಳಬೇಡ. ಆದರೆ ಅದನ್ನು ತೋರಿಸಿ ನಿನ್ನ ಗೈಡ್ ಹತ್ತಿರ ಮಾತು ಶುರು ಮಾಡಬಹುದು.

ಮಲ್ಲೇಶ್ವರದ ಓದುಗ

ಜೊತೆಗೆ ನಮ್ಮ ಕಡೆಯ ಅಧ್ಯಯನಗಳನ್ನೂ ಇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಜವಳು ಜಮೀನಿನ ಮೇಲೆ ತುಂಬಾ ವರ್ಷಗಳಿಂದ ಪ್ರಯೋಗ ನಡೆದಿವೆ. ಈಗ ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಬರುತ್ತದೆ. ಅಲ್ಲಿನ ವರದಿಗಳನ್ನು ಅಮೆರಿಕದ ಪೇಪರ್‌ಗಳಲ್ಲಿ ಉಲ್ಲೇಖಿಸುವವರು ಕಮ್ಮಿ. ನೀವು ಉಲ್ಲೇಖಿಸಿದರೆ ಮುಂದಿನವರಿಗೆ ಸಿಗುತ್ತದೆ.

ಕಲಬುರಗಿ ನೀಲಿ

ಉಲ್ಲೇಖ ಅಂದಾಗ ನೆನಪಾಯಿತು. ಟೆಕ್ಸಸ್‌ನಲ್ಲಿದ್ದ ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಸ್ಮಿತ್ ಒಂದು ಸಮ್ಮೇಳನಕ್ಕೆ ಹೋದಾಗ, ಅಲ್ಲಿ ಯಾರೋ ತಮ್ಮದೇ ಬರಹವನ್ನು ತಮ್ಮ ಹೆಸರು ಹೇಳದೆ ಓದುತ್ತಿದ್ದುದನ್ನು ಕೇಳಿದರು. 2017ರಲ್ಲಿ ಅವರು ‘ಕಪ್ಪು ಮಹಿಳೆಯರನ್ನು ಉಲ್ಲೇಖಿಸಿ’ ಅಂತ ಟಿ-ಶರ್ಟ್ ಅಚ್ಚು ಹಾಕಿಸಿದರು. ಅದೇ ಒಂದು ಚಳವಳಿಯಾಯಿತು. ನಮ್ಮ ಬರವಣಿಗೆ ಗುಂಪಿನಲ್ಲಿ ಈಗ ಪ್ರತಿ ಅಧ್ಯಾಯ ಮುಗಿದ ಮೇಲೆ ಕೊನೆಯ ಪಟ್ಟಿ ತೆಗೆದು, ಇದರಲ್ಲಿ ಹೆಂಗಸರು ಎಷ್ಟು, ಕಪ್ಪು ಹೆಂಗಸರು ಎಷ್ಟು, ದಲಿತ ಹೆಂಗಸರು ಎಷ್ಟು ಅಂತ ನೋಡುತ್ತೇವೆ. ಮೊದಲ ಸಲ ನೋಡಿದಾಗ ಎಲ್ಲರೂ ಗಾಬರಿಯಾದೆವು.

ಹಾಸನದ ಹುಡುಗ

ಎನ್ಐಎಚ್ ಹಣದ ಬಗ್ಗೆ ಅಕ್ಕ ಹೇಳಿದ ಎರಡೂ ಅಧ್ಯಯನ ಹುಡುಕಿ ಓದಿದೆ. ವಿಷಯದ ಆಯ್ಕೆಯ ಬಗ್ಗೆ ಇರುವ ಭಾಗ ನನ್ನನ್ನು ಯೋಚನೆಗೆ ಹಚ್ಚಿದೆ. ನಮ್ಮ ಗುಂಪಿನ ಮೀಟಿಂಗ್ ನೋಟ್ಸ್ ಬರೆಯುವುದು ನಾನೇ. ‘ಹೀಗೆ ತೀರ್ಮಾನವಾಯಿತು’ ಅಂತ ಮಾತ್ರ ಬರೆಯುತ್ತೇವೆ. ಇನ್ನು ಮುಂದೆ ಮೊದಲು ಯಾರು ಹೇಳಿದರು ಅನ್ನುವುದನ್ನೂ ಬರೆಯುತ್ತೇನೆ. ಗುಂಪಿನಲ್ಲಿ ಘಾನಾದ ಒಬ್ಬ ಹುಡುಗಿ ಇದ್ದಾಳೆ, ಡಿಟೆಕ್ಟರ್ ಬಗ್ಗೆ ಅವಳು ಎತ್ತಿದ ಪ್ರಶ್ನೆಗಳೇ ಆಮೇಲೆ ಬೇರೆಯವರ ಸ್ಲೈಡ್‌ನಲ್ಲಿ ಬಂದಿದ್ದು ನನಗೆ ಗೊತ್ತು.

ಸವಳುಮಣ್ಣು

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಗೈಡ್‌ಗೆ ಇಮೇಲ್ ಬರೆದೆ. ದೂರು ಕೊಡುವ ಥರ ಅಲ್ಲ. ನನ್ನ ಪ್ರಬಂಧದಲ್ಲಿ ಬದುವಿನ ಉಪ್ಪಿನ ಮೇಲೆಯೇ ಒಂದು ಅಧ್ಯಾಯ ಮಾಡುತ್ತೇನೆ, ಇಲ್ಲಿನ ಹೊಲ ಮತ್ತು ತುಂಗಭದ್ರಾ ಕೊನೆ ಭಾಗದ ಹೊಲ ಎರಡನ್ನೂ ಹೋಲಿಸುತ್ತೇನೆ ಅಂದೆ. ಗಂಗಾವತಿಯ ವರದಿಗಳನ್ನೂ ಇಟ್ಟೆ. ಮಿಸಿಸಿಪ್ಪಿ ಗೆಳತಿ ಮೀಟಿಂಗ್‌ನಲ್ಲಿ ‘ಸ್ಯಾಂಪಲ್ ಪ್ಲಾನ್ ಬದಲಿಸಲು ಮೊದಲು ಹೇಳಿದವಳು ಇವಳು’ ಅಂತ ನನ್ನ ಹೆಸರು ಹಿಡಿದು ಹೇಳಿದಳು. ಕೋಣೆ ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಆ ಹುಡುಗನೇ ‘ಹೌದು, ಅವಳು ಹೇಳಿದ್ದಕ್ಕೇ ನಾನು ಪೇಪರ್ ಹುಡುಕಿದ್ದು’ ಅಂದ. ನೋಟ್ಸ್ ತಿದ್ದಿದರು. ಗೈಡ್ ಅಧ್ಯಾಯಕ್ಕೆ ಒಪ್ಪಿದ್ದಾರೆ. ಅವ್ವನನ್ನು ಕೊನೆಯ ಪಟ್ಟಿಯಲ್ಲಿ ಹಾಕುವುದಕ್ಕೆ ಇನ್ನೂ ಒಪ್ಪಿಲ್ಲ, ಕಮಿಟಿಯನ್ನು ಕೇಳಬೇಕು ಅಂದಿದ್ದಾರೆ. ಕೇಳಲಿ, ನಾನು ಬಿಡುವುದಿಲ್ಲ.

ಅವ್ವನಿಗೆ ಫೋನ್ ಮಾಡಿ ಹೇಳಿದೆ. ‘ನನ್ನ ಹೆಸರು ಯಾಕ ಬೇಕವಾ, ನಿಮ್ಮ ಅಜ್ಜಿ ಹೆಸರು ಹಾಕು, ನನಗೆ ತೋರಿಸಿದಾಕಿ ಆಕಿ’ ಅಂದಳು. ಅಜ್ಜಿ ತೀರಿಕೊಂಡಿದ್ದಾಳೆ. ಹೀಗಿದ್ದಾಗ ಯಾರ ಹೆಸರು, ಯಾವ ದಿನಾಂಕ ಹಾಕಬೇಕು? ಲೀಡ್ಸ್ ಅಕ್ಕ, ಆ ನಮೂನೆಯಲ್ಲಿ ಇದಕ್ಕೆ ಏನಾದರೂ ಇದೆಯಾ?

ಲೀಡ್ಸ್ ಮಳೆ

ಇಬ್ಬರ ಹೆಸರೂ ಹಾಕು. ಮಾತಾಡಿದ ದಿನ ಅವ್ವನದು, ಅಜ್ಜಿಯಿಂದ ಕಲಿತಿದ್ದು ಅಂತ ಒಂದು ಸಾಲು. ಆದರೆ ಮೊದಲು ಅವ್ವನ ಒಪ್ಪಿಗೆ ಕೇಳು. ಹೆಸರು, ಊರು, ಯಾವ ಉಪಕಾಲುವೆ ಅಂತೆಲ್ಲ ಅಚ್ಚಾಗುತ್ತದೆ ಅನ್ನುವುದನ್ನೂ ಬಿಡಿಸಿ ಹೇಳು. ನಿನ್ನ ಯೂನಿವರ್ಸಿಟಿಯಲ್ಲಿ ಜನರನ್ನು ಮಾತಾಡಿಸಿ ಮಾಡುವ ಸಂಶೋಧನೆಗೆ ಅನುಮತಿ ಕೊಡುವ ಸಮಿತಿ ಇರುತ್ತದೆ, ಅವರನ್ನೂ ಕೇಳಿಬಿಡು.

ಕಲಬುರಗಿ ನೀಲಿ

ನಾವೆಲ್ಲ ಸೇರಿ ಒಂದು ಬರವಣಿಗೆ ಗುಂಪು ಶುರು ಮಾಡೋಣವಾ? ಶನಿವಾರ, ಸವಳುಮಣ್ಣು ಇರುವ ಕಡೆ ಬೆಳಿಗ್ಗೆ 9, ನನಗೆ 7, ಲೀಡ್ಸ್‌ನಲ್ಲಿ ಮಧ್ಯಾಹ್ನ 3, ಊರಲ್ಲಿ ಸಂಜೆ 7:30. ಪ್ರತಿ ಸಲ ಒಬ್ಬರು ಐದು ಪುಟ ತರಬೇಕು, ಕನ್ನಡದಲ್ಲಾದರೂ ಸರಿ, ಇಂಗ್ಲಿಷ್‌ನಲ್ಲಾದರೂ ಸರಿ. ಟೀಚರ್, ಮಗಳಿಗೂ ಹೇಳಿ, ಹೊರಡುವ ಮೊದಲೇ ಬರಲಿ. ಮೊದಲ ವಾರಕ್ಕೆ ನನ್ನ ಹಾಸ್ಟೆಲ್ ಅಧ್ಯಾಯ ತರುತ್ತೇನೆ.

ದಾವಣಗೆರೆ ಟೀಚರ್

ಬರುತ್ತಾಳೆ. ಅವರಪ್ಪನೂ ಪಕ್ಕದಲ್ಲಿ ಕೂತು ಕೇಳಬಹುದಾ ಅಂತ ಕೇಳುತ್ತಿದ್ದಾರೆ.